ಡಿಸ್ಕೋ ಸಂಗೀತದ ಅವಸಾನ: ಒಂದು ಪರಾಮರ್ಶೆ

ಡಿಸ್ಕೋ ಸಂಗೀತವು 1979ರಲ್ಲಿ ಅವಸಾನ ಹೊಂದಿತೆಂಬುದು ರೂಢಿಯ ಮಾತು, ನಾವಿದನ್ನು ಒಪ್ಪಲಾರೆವು. ಆ ವರ್ಷದ ಜುಲೈ 12ರಂದು ಅಮೆರಿಕದ ಷಿಕಾಗೋ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಡಿಸ್ಕೋ ಧ್ವನಿಮುದ್ರಿಕೆಗಳನ್ನು ರಾಶಿಹಾಕಿ ಸಿಡಿಸಿದುದೂ, ರೇಡಿಯೋ ಕೇಂದ್ರಗಳು ಕ್ರಮೇಣ ಈ ಸಂಗೀತವನ್ನು ಕೈಬಿಟ್ಟುದೂ ನಿಜವೇ. ಇದನ್ನು ಪೋಷಿಸಿದವರಾದರೋ ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ ಕೂಡುತ್ತಿದ್ದ ಕಪ್ಪುಜನರು, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಾನುರಾಗಿಗಳು. ಷಿಕಾಗೋದ ರೋಷದಲ್ಲಿ ಇವರ ಮೇಲಣ ತಿರಸ್ಕಾರವೂ ಬೆರೆತಿದ್ದಿತೆಂದೇ ನಮ್ಮ ಮತ.

ಮಾರಾಟದ ಪಟ್ಟಿಗಳನ್ನಷ್ಟೇ ಆಧಾರವಾಗಿ ಹಿಡಿದವರು ನೃತ್ಯಶಾಲೆಯನ್ನು ಹೊಕ್ಕು ನೋಡಲಿಲ್ಲ. ಅದೇ ಷಿಕಾಗೋವಿನ ವೇರ್‌ಹೌಸ್ ಎಂಬಲ್ಲಿ ಫ್ರ್ಯಾಂಕಿ ನಕಲ್ಸ್ 1977ರಿಂದ ನುಡಿಸುತ್ತ ಬಂದ ಡಿಸ್ಕೋ ಮುದ್ರಿಕೆಗಳ ಬಳಿಯಿಂದಲೇ 1980ರ ದಶಕದಲ್ಲಿ ‘ಹೌಸ್’ ಸಂಗೀತವು ಹೊಮ್ಮಿತು. (ಆ ಹೆಸರೂ ಶಾಲೆಯ ಹೆಸರಿನ ತುಣುಕೆಂದು ಹೇಳುವುದುಂಟು.) ‘ಅವಸಾನ’ದ ಆ ವರ್ಷದಲ್ಲೇ ಷಿಕ್ ತಂಡದ ‘ಗುಡ್ ಟೈಮ್ಸ್’ ಗೀತೆಯ ಮಂದ್ರಗತಿಯನ್ನು ಎತ್ತಿಕೊಂಡು ‘ರ‍್ಯಾಪರ್ಸ್ ಡಿಲೈಟ್’ ಹೊರಬಂದಿತು, ರ‍್ಯಾಪ್ ಪ್ರಕಾರವು ಬಹುಮಂದಿ ಕೇಳುಗರನ್ನು ಮೊದಲು ಮುಟ್ಟಿದುದು ಅದರಿಂದಲೇ.