ತೊಡೆ ಬಿಟ್ಟಿಳಿಯದ ನಾಯಿ

ಸಂಜೆ ಪಾರ್ಕಿನಲ್ಲಿ ನಾಯಿ ಸಾಕಿದವರು ನಾಲ್ಕು ಜನ ಸೇರಿದರೆ ಒಂದು ಬುದ್ಧಿಮಾತು ಬಂದೇ ಬರುತ್ತದೆ: ‘ತೊಡೆ ಮೇಲೆಲ್ಲ ಹತ್ತಿಸ್ಕೋಬೇಡಿ, ಆಮೇಲೆ ತಲೆ ಮೇಲೆ ಕೂರುತ್ತೆ.’ ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಸೋಫಾದಲ್ಲಿ ಯಜಮಾನರ ಮೇಲೆ ಅರ್ಧ ಮೈ ಚೆಲ್ಲಿ ಮಲಗಿದರೆ ಅದು ಅಧಿಕಾರ ಚಲಾಯಿಸುತ್ತಿದೆ ಎಂದು ಅರ್ಥ ಹಚ್ಚುತ್ತಾರೆ. ಮನೆಯವರ ಪಾದದ ಮೇಲೆ ಅಂಡೂರಿ ಕೂತ ಡಾಬರ್‌ಮನ್ ‘ಬಾಸ್’ ಆಗಲು ಹೊರಟಿದೆ ಎನ್ನುತ್ತಾರೆ. ಈ ತಿಳಿವಳಿಕೆ ತಪ್ಪು. ಇದೇ ಭಯದಿಂದ ಎಷ್ಟೋ ಮರಿಗಳು ಮಡಿಲಿಗೆ ಬಂದಾಗಲೆಲ್ಲ ಗದರಿಸಿಕೊಂಡು ಬೆಳೆಯುತ್ತವೆ. ಅವುಗಳಿಗೆ ಆಗುವ ಅನ್ಯಾಯ ಸಣ್ಣದಲ್ಲ.

ಈ ಭಯ ಹುಟ್ಟಿದ್ದು ತೋಳಗಳ ಅಧ್ಯಯನದಿಂದ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ ಅವರು ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಮೇಲಿನ ಸ್ಥಾನಕ್ಕಾಗಿ ಪೈಪೋಟಿ ನಡೆಸುತ್ತವೆ ಎಂದು 1947ರಲ್ಲಿ ಬರೆದರು. ಅಮೆರಿಕದ ಡೇವಿಡ್ ಮೆಕ್ ಅವರ 1970ರ ‘ದ ವುಲ್ಫ್’ ಪುಸ್ತಕದಿಂದ ‘ಆಲ್ಫಾ’ ತೋಳದ ಕಲ್ಪನೆ ಊರೂರಿಗೆ ಹಬ್ಬಿತು. ನಾಯಿ ತರಬೇತುದಾರರು ಅದನ್ನೇ ಮನೆಯೊಳಕ್ಕೂ ತಂದರು. ಮುಂದೆ ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ ಹಲವು ಬೇಸಿಗೆ ಕಾಡುತೋಳಗಳ ಪಕ್ಕದಲ್ಲೇ ಕಳೆದ ಮೆಕ್, ತಾವು ಹೇಳಿದ್ದನ್ನು 1999ರಲ್ಲಿ ತಾವೇ ತಿದ್ದಿದರು. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಪಟ್ಟಕ್ಕಾಗಿ ಅಲ್ಲಿ ಕಾಳಗ ನಡೆಯುವುದಿಲ್ಲ. ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನೇ ಕೇಳಿಕೊಂಡ ಆ ವಿಜ್ಞಾನಿಯ ಪ್ರಾಮಾಣಿಕತೆ ದೊಡ್ಡದು.

ಹಾಗಾದರೆ ನಾಯಿ ಮೈಮೇಲೆ ಬಂದು ಬೀಳುವುದೇಕೆ?

ಮೊದಲ ಕಾರಣ ಬಿಸಿ. ಹುಟ್ಟಿದ ಮರಿ ಕಣ್ಣು ಬಿಡಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಮೊದಲ ಕೆಲವು ವಾರ ತನ್ನ ಮೈಯ ಬಿಸಿ ಕಾಪಾಡಿಕೊಳ್ಳುವುದೂ ಅದಕ್ಕೆ ಕಷ್ಟ. ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಒಡಹುಟ್ಟಿದವುಗಳ ಜತೆ ಒಂದರ ಮೇಲೊಂದು ರಾಶಿ ಬಿದ್ದು ಮಲಗಿದರಷ್ಟೇ ಅದು ಉಳಿಯುತ್ತದೆ. ಕಣ್ಣು, ಕಿವಿ ತೆರೆಯುವ ಮೊದಲೇ ಕಲಿತ ಈ ಪಾಠ ಮುಂದೆ ಮರೆಯುವುದಿಲ್ಲ. ಬೆಳೆದ ನಾಯಿಯ ಮೂಗೂ ಬಿಸಿಯನ್ನು ಹುಡುಕಬಲ್ಲದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಮತ್ತು ಬುಡಾಪೆಸ್ಟಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ನಾಯಿಗಳು 1.6 ಮೀಟರ್ ದೂರದಿಂದಲೇ ಎರಡು ವಸ್ತುಗಳಲ್ಲಿ ಬಿಸಿಯಾಗಿದ್ದು ಯಾವುದೆಂದು ತೋರಿಸಿಕೊಟ್ಟವು. ಎರಡೂ ನೋಡಲು ಒಂದೇ ಥರ ಇದ್ದವು. ಸಾಮಾನ್ಯವಾಗಿ ತಣ್ಣಗೆ, ಒದ್ದೆಯಾಗಿರುವ ಮೂಗಿನ ತುದಿಯೇ ಈ ಸೂಕ್ಷ್ಮ ಕಾವನ್ನು ಹಿಡಿಯುತ್ತದೆ ಎಂಬುದು ಅವರ ತೀರ್ಮಾನ.

ಒಂದೆರಡು ತಲೆಮಾರಿನ ಹಿಂದೆ ನಮ್ಮ ಹಳ್ಳಿಮನೆಗಳಲ್ಲಿ ನಾಯಿ ಹೊಸ್ತಿಲು ದಾಟುವಂತಿರಲಿಲ್ಲ. ಅದು ಕೊಟ್ಟಿಗೆಯ ಹುಲ್ಲಿನಲ್ಲೋ ಬಚ್ಚಲೊಲೆಯ ಬೆಚ್ಚನೆಯ ಬೂದಿಯಲ್ಲೋ ಸುತ್ತಿಕೊಂಡು ಮಲಗುತ್ತಿತ್ತು. ಈಗ ಒಲೆಯೂ ಇಲ್ಲ, ಬೂದಿಯೂ ಇಲ್ಲ. ಆ ಜಾಗಕ್ಕೆ ಮನುಷ್ಯರ ಮಡಿಲು ಬಂದಿದೆ. ಮುಧೋಳ ನಾಯಿ ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಮೊಲದ ಬೆನ್ನಟ್ಟಿ ಓಡಲೆಂದೇ ತಯಾರಾದ ಆ ಸಪೂರ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಕೂದಲೂ ತುಂಡು. ಚಳಿ ಬಿದ್ದರೆ ಅದು ಕಂಬಳಿ ಹುಡುಕುವುದು ಸಹಜ.

ಬಿಸಿಯ ಲಾಭ ಮನುಷ್ಯನಿಗೂ ಇದೆ. ನಾಯಿಯ ಮೈ ಶಾಖ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಒಂದೆರಡು ಡಿಗ್ರಿ ಹೆಚ್ಚು. ಇಂಗ್ಲೆಂಡಿನ ವೈದ್ಯ ಜಾನ್ ಕೇಯಸ್ 1570ರಲ್ಲಿ ನಾಯಿಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದಾಗ, ಪುಟ್ಟ ಮಡಿಲನಾಯಿಯನ್ನು ಹೊಟ್ಟೆಗೆ ಅವಚಿಕೊಂಡರೆ ನೋವು ಇಳಿಯುತ್ತದೆಂದು ಅದರಲ್ಲಿ ಸೇರಿಸಿದ್ದರು. ಮೆಕ್ಸಿಕೊದಲ್ಲಿ ಕೂದಲಿಲ್ಲದ ಶೋಲೊ ನಾಯಿಯನ್ನು ಕೀಲುನೋವಿಗೆ ಕಾವು ಕೊಡಲು ಇಟ್ಟುಕೊಳ್ಳುವ ರೂಢಿ ಹಳೆಯದು.

ಆದರೆ ಎಲ್ಲವನ್ನೂ ಬಿಸಿಯ ಲೆಕ್ಕಕ್ಕೆ ಹಾಕುವಂತಿಲ್ಲ. ಏಪ್ರಿಲ್‌ನ ರಾಯಚೂರಿನಲ್ಲಿ ಯಾವ ನಾಯಿಗೂ ಇನ್ನೊಬ್ಬರ ಮೈಯ ಕಾವು ಬೇಕಿರುವುದಿಲ್ಲ. ಅದು ಫ್ಯಾನಿನ ಕೆಳಗೆ, ತಣ್ಣನೆಯ ಕಲ್ಲುಹಾಸಿನ ಮೇಲೆ ಹೊಟ್ಟೆ ಹಚ್ಚಿ, ಹಿಂಗಾಲು ಚಾಚಿ ಬಿದ್ದಿರುತ್ತದೆ. ಆಗಲೂ ಅದರ ಗದ್ದ ಮನೆಯವರ ಪಾದದ ಮೇಲಿರುತ್ತದೆ, ಇಲ್ಲವೇ ಒಂದು ಪಂಜವಾದರೂ ತಾಕಿರುತ್ತದೆ. ನಾಯಿಯನ್ನು ಅರಿಯಬೇಕೆನ್ನುವವರು ಗಮನಿಸಬೇಕಾದದ್ದು ಬೇಸಿಗೆಯ ಈ ಸ್ಪರ್ಶವನ್ನು.

ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಅವರು ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಎಚ್ಚರವಾಗಿ, ಅಲುಗಾಡದೆ ಮಲಗುವುದನ್ನು ಕಲಿಸಿದವರು. ಅರಿವಳಿಕೆಯಿಲ್ಲ, ಕಟ್ಟಿಹಾಕುವುದಿಲ್ಲ; ಬೇಡವೆನಿಸಿದರೆ ನಾಯಿ ಎದ್ದು ಹೋಗಬಹುದು. ಹನ್ನೆರಡು ನಾಯಿಗಳಿಗೆ ಬೇರೆ ಬೇರೆ ವಾಸನೆ ತೋರಿಸಿದಾಗ, ಹಿತವಾದದ್ದನ್ನು ನಿರೀಕ್ಷಿಸುವಾಗ ಚುರುಕಾಗುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸಿದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಆಗ ಎದುರಿಗೂ ಇರಲಿಲ್ಲ. ಒಗೆಯಲು ಹಾಕಿದ ಅಂಗಿಯ ಮೇಲೆ, ಯಜಮಾನರು ಎದ್ದು ಹೋದ ಬೆಚ್ಚಗಿನ ಕುರ್ಚಿಯಲ್ಲಿ ನಾಯಿ ಹೋಗಿ ಮಲಗುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಸವರುವ ಕೈಯ ಪಾತ್ರವೂ ಇದೆ. ಎರಿಕಾ ಫ್ಯೂಯರ್‌ಬಾಕರ್ ಮತ್ತು ಕ್ಲೈವ್ ವಿನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿಗಳು ಬಾಯಿಮಾತಿನಲ್ಲಿ ಹೊಗಳುವವರನ್ನು ಬಿಟ್ಟು ಮೈ ಸವರುವವರ ಬಳಿಯೇ ಉಳಿದವು. ಎಷ್ಟು ಸವರಿದರೂ ಅವಕ್ಕೆ ಸಾಕೆನಿಸಲಿಲ್ಲ. ಒಂದು ಸಲ ತೊಡೆ ಏರಿದಾಗ ಕಿವಿಯ ಹಿಂದೆ ಬೆರಳಾಡಿದರೆ ಮರುದಿನ ಅದೇ ಹೊತ್ತಿಗೆ ನಾಯಿ ಅಲ್ಲೇ ಹಾಜರು. ಈ ಅಭ್ಯಾಸ ಮಾಡಿಸಿದ್ದು ಮನೆಯವರೇ.

ರಾತ್ರಿ ಹಾಸಿಗೆಗೂ ಬಿಡಬೇಕೇ? ಅಮೆರಿಕದ ಮೇಯೊ ಕ್ಲಿನಿಕ್ 2017ರಲ್ಲಿ ನಲವತ್ತು ಜನರ ನಿದ್ದೆಯನ್ನು ಅಳೆಯಿತು. ನಾಯಿ ಕೋಣೆಯಲ್ಲಿದ್ದರೆ ನಿದ್ದೆಗೆ ತೊಂದರೆಯಿರಲಿಲ್ಲ. ಹಾಸಿಗೆಯನ್ನೇ ಹಂಚಿಕೊಂಡಾಗ ತುಸು ಕಡಿಮೆಯಾಯಿತು. ನಿದ್ದೆ ತೆಳುವಾಗಿದ್ದವರು ಮಂಚದ ಪಕ್ಕ ಒಂದು ಚಾಪೆಯೋ ಮೆತ್ತೆಯೋ ಹಾಕಿಕೊಟ್ಟರೆ ಇಬ್ಬರಿಗೂ ಸುಖ. ಮೈಮೇಲೆ ಮಲಗಿಸಿಕೊಳ್ಳುವವರು ಉಣುಗಿನ ಔಷಧ, ಜಂತುಹುಳುವಿನ ಗುಳಿಗೆ, ರೇಬೀಸ್ ಲಸಿಕೆ ಯಾವುದನ್ನೂ ತಪ್ಪಿಸಬಾರದು.

ನಾಯಿಗೆ ನಿಜಕ್ಕೂ ಮಡಿಲು ಬೇಕಿದೆಯೇ ಎಂದು ತಿಳಿಯುವುದು ಸುಲಭ. ಸವರುತ್ತಿರುವ ಕೈಯನ್ನು ಐದು ಸೆಕೆಂಡಾದ ಮೇಲೆ ತೆಗೆದು ನೋಡಬೇಕು. ಮೂತಿಯಿಂದ ಕೈಯನ್ನು ತಿವಿದರೆ, ಒರಗಿದರೆ ಬೇಕು ಎಂದರ್ಥ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ ಇಳಿದು ಹೋಗಲು ಬಿಡಬೇಕು. ಪುಟ್ಟ ನಾಯಿಗಳನ್ನು ಮಕ್ಕಳು ಬಲವಂತವಾಗಿ ಎತ್ತಿ ಕೂರಿಸಿಕೊಳ್ಳುವುದನ್ನು ಹಿರಿಯರು ತಡೆಯಲೇಬೇಕು. ಮಡಿಲಲ್ಲಿದ್ದಾಗ ಬೇರೆಯವರು ಹತ್ತಿರ ಬಂದರೆ ಗುರ್ ಎನ್ನುವ ನಾಯಿ ಆ ಜಾಗವನ್ನು ಕಾವಲು ಕಾಯುತ್ತಿದೆ. ಅದನ್ನು ತಳ್ಳದೆ, ಬೈಯದೆ, ತಿಂಡಿ ತೋರಿಸಿ ಕೆಳಗೆ ಕರೆಯುವುದು ಸರಿಯಾದ ದಾರಿ.

ದೀಪಾವಳಿಯ ಪಟಾಕಿಗೆ, ಗುಡುಗಿಗೆ ಹೆದರಿ ಅಂಟಿಕೊಳ್ಳುವ ನಾಯಿಯನ್ನು ಧೈರ್ಯವಾಗಿ ಅಪ್ಪಿಕೊಳ್ಳಬಹುದು, ಅದರಿಂದ ಹೆದರಿಕೆ ಹೆಚ್ಚುವುದಿಲ್ಲ. ದಿನವೂ ತೊಡೆ ಏರುತ್ತಿದ್ದ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟರೆ ಮಾತ್ರ ಮುನಿಸು ಎಂದುಕೊಳ್ಳಬಾರದು. ಈ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚು, ಸೋಫಾಕ್ಕೆ ಹಾರುವಾಗಲೇ ನೋವು ಮೊದಲು ತಿಳಿಯುವುದು. ಆ ವಾರವೇ ಪಶುವೈದ್ಯರಿಗೆ ತೋರಿಸಿ ಎಕ್ಸ್‌ರೇ ಬೇಕೇ ಎಂದು ಕೇಳಬೇಕು. ಅಲ್ಲಿಯವರೆಗೆ ನೆಲದ ಮೇಲೆ ಚಾಪೆ ಹಾಸಿಕೊಂಡು ನಾವೇ ಅದರ ಪಕ್ಕ ಕೂರಬಹುದು.