ಸರಾಸರಿ ನಂಬಿ ಕೆಟ್ಟ ಚಳಿಗಾಲ

ಹವಾಮಾನ ಇಲಾಖೆಯವರು ಮಳೆ ಅಂದ್ರೆ ಛತ್ರಿ ಮನೇಲೇ ಬಿಟ್ಟು ಹೋಗಬಹುದು ಅನ್ನೋ ಜೋಕು ನಮ್ಮಲ್ಲಿ ಬಹಳ ಹಳೇದು. ಈ ಜೋಕಿನಿಂದ ಒಂದು ಅನುಕೂಲವೂ ಇದೆ. ಏನೇ ಎಡವಟ್ಟಾದರೂ ಮುನ್ಸೂಚನೆಯನ್ನು ಬೈದುಬಿಟ್ಟರೆ ಆಯ್ತು, ಬೇರೆ ಯಾರೂ ಉತ್ತರ ಕೊಡಬೇಕಾಗಿಲ್ಲ.

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ಕತ್ತಲಲ್ಲಿ ನಡುಗಿದ್ದು ನೆನಪಿದೆಯಾ? ಆಸ್ಟಿನ್, ಡಲ್ಲಾಸ್‌ನಲ್ಲಿ ಮಕ್ಕಳಿರುವ ಇಲ್ಲಿನ ಅಪ್ಪ-ಅಮ್ಮಂದಿರು ಮರೆತಿರಲಿಕ್ಕಿಲ್ಲ. ಇಂಥ ಚಳಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು ಅನ್ನೋ ಮಾತು ಆಗಲೂ ಕೇಳಿಬಂತು.

ನಿಜ, ಹಿಂದಿನ ಅಕ್ಟೋಬರ್‌ನಲ್ಲಿ ಅಲ್ಲಿನ ಹವಾಮಾನ ಸಂಸ್ಥೆ ನೋವಾ ಹೇಳಿದ್ದೇ ಬೇರೆ. ಲಾ ನಿನಾ ಇರುವುದರಿಂದ ದಕ್ಷಿಣದ ರಾಜ್ಯಗಳಲ್ಲಿ ಚಳಿಗಾಲ ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಹೆಚ್ಚು ಅಂದಿತ್ತು. ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ!

ಆದರೆ ಋತುವಿನ ಮುನ್ಸೂಚನೆ ಹೇಳೋದು ಮೂರು ತಿಂಗಳ ಸರಾಸರಿ, ಅದೂ ಬರೀ ಸಾಧ್ಯತೆ. ಬೆಚ್ಚಗಿನ ಮೂರು ತಿಂಗಳೊಳಗೆ ಜೀವ ತೆಗೆಯೋ ನಾಲ್ಕು ದಿನ ಆರಾಮಾಗಿ ಅಡಗಿರಬಹುದು. ತಿಂಗಳ ಖರ್ಚಿನ ಸರಾಸರಿ ನೋಡಿ ನಾವ್ಯಾರಾದರೂ ಆರೋಗ್ಯ ವಿಮೆ ಬಿಡ್ತೀವಾ?

ವಿದ್ಯುತ್ ಜಾಲ ನಡೆಸುವ ಎರ್ಕಾಟ್ ಆ ಚಳಿಗಾಲಕ್ಕೆ ಲೆಕ್ಕ ಹಾಕಿದ್ದ ಗರಿಷ್ಠ ಬೇಡಿಕೆ 57,699 ಮೆಗಾವ್ಯಾಟ್. ತೀರಾ ಕೆಟ್ಟ ಚಳಿ ಬಂದರೆ 67,208. ಫೆಬ್ರವರಿ 14ರ ಸಂಜೆ ಬೇಡಿಕೆ ಮುಟ್ಟಿದ್ದು 69,222. ಲೆಕ್ಕ ತಪ್ಪಿತು, ಒಪ್ಪೋಣ. ಆದರೆ ಊರು ಕತ್ತಲಾಗಿದ್ದು ಈ ಎರಡು ಸಾವಿರದಿಂದ ಅಲ್ಲ. ಗ್ಯಾಸ್ ಬಾವಿಗಳು, ಪೈಪುಗಳು, ಸ್ಥಾವರದ ಉಪಕರಣಗಳು ಹೆಪ್ಪುಗಟ್ಟಿದವು. ಕರೆಂಟ್ ಹೋದಾಗ ಗ್ಯಾಸ್ ತಳ್ಳುವ ಕಂಪ್ರೆಸರ್‌ಗಳು ನಿಂತವು, ಗ್ಯಾಸ್ ಇಲ್ಲದೆ ಇನ್ನಷ್ಟು ಕರೆಂಟ್ ಹೋಯಿತು. ಇಡೀ ಜಾಲವೇ ಕುಸಿದು ಬೀಳಲು ಉಳಿದಿದ್ದು 4 ನಿಮಿಷ 37 ಸೆಕೆಂಡ್. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು. ರಾಜಕಾರಣಿಗಳು ಮಾತ್ರ ಗಾಳಿಯಂತ್ರಗಳನ್ನು ಬೈಯುತ್ತಾ ಕೂತರು.

ಇದು ಮೊದಲ ಸಲವೂ ಅಲ್ಲ. 2011ರಲ್ಲೂ ಹೀಗೇ ಚಳಿಗೆ ಸ್ಥಾವರಗಳು ಕೈಕೊಟ್ಟಿದ್ದವು. ಉಪಕರಣಗಳನ್ನು ಚಳಿ ತಡೆಯುವಂತೆ ಮಾಡಿ ಅಂತ ಕೇಂದ್ರದ ವರದಿ ಆ ವರ್ಷವೇ ಹೇಳಿತ್ತು. ಕಡ್ಡಾಯ ಮಾಡಲಿಲ್ಲ, ಖರ್ಚು ಯಾರಿಗೆ ಬೇಕು? ಕಡ್ಡಾಯದ ಕಾನೂನು ಬಂದಿದ್ದು 2021ರ ಜೂನ್‌ನಲ್ಲಿ, ಹೆಣಗಳ ಲೆಕ್ಕ ಹಾಕುವಾಗ.

ಇನ್ನೊಂದು ವಿಷಯ. ಆ ವಾರದ ಮುನ್ಸೂಚನೆ ಸರಿಯಾಗೇ ಇತ್ತು. ಫೆಬ್ರವರಿ 12ರಂದೇ ಗವರ್ನರ್ ಎಲ್ಲ 254 ಕೌಂಟಿಗಳಲ್ಲೂ ವಿಪತ್ತು ಘೋಷಿಸಿದ್ದರು. ಆದರೆ ಎರಡು ದಿನದಲ್ಲಿ ರಾಜ್ಯದ ಪೈಪುಗಳಿಗೆಲ್ಲ ಕಂಬಳಿ ಹೊದಿಸೋಕಾಗುತ್ತಾ? ಸಮಯ ಇದ್ದಾಗ ಸಿಗೋ ಮುನ್ಸೂಚನೆ ಮಸುಕು, ಸ್ಪಷ್ಟವಾಗಿ ಸಿಗೋ ಹೊತ್ತಿಗೆ ಸಮಯ ಇರಲ್ಲ. ಅದಕ್ಕೇ ಸಿದ್ಧತೆ ಅನ್ನೋದು ಮುನ್ಸೂಚನೆ ನೋಡಿ ಮಾಡೋ ಕೆಲಸ ಅಲ್ಲ. ಋತುವಿನ ಮುನ್ಸೂಚನೆ ನಂಬೋ ಹಾಗಿಲ್ಲ ಅಂತ ಗೊತ್ತಿದ್ದ ಮೇಲೆ, ನಂಬಿ ಕೂತವರದ್ದೇ ತಪ್ಪು.