ಕೊಳ್ಳೆಯ ಒಡೆತನ, ಅಸ್ತ್ರದ ನಿಯಮ: ಕಲ್ಪನಾಲೋಕದ ಆಟಗಳನ್ನು ಕುರಿತು ಒಂದು ವಿವೇಚನೆ

ಕೊಲ್ಕತ್ತದ ಎಸ್ಪ್ಲನೇಡಿನಲ್ಲಿ, ಧರ್ಮತಲಾ ಬೀದಿಯ ಮೂಲೆಯಲ್ಲಿ, ಟಿಪ್ಪು ಸುಲ್ತಾನನ ಹೆಸರನ್ನು ಹೊತ್ತ ಮಸೀದಿಯೊಂದಿದೆ. ಅದನ್ನು 1842ರಲ್ಲಿ ಕಟ್ಟಿಸಿದವನು ಟಿಪ್ಪುವಿನ ಕಿರಿಯ ಮಗ ಗುಲಾಮ್ ಮಹಮ್ಮದ್. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ವೆಲ್ಲೂರಿನ ಕೋಟೆಯಲ್ಲಿ ಇರಿಸಲಾಗಿದ್ದ ಆ ಮನೆತನವನ್ನು 1806ರ ಸಿಪಾಯಿ ದಂಗೆಯ ತರುವಾಯ ಕಂಪನಿ ಸರ್ಕಾರವು ಕಲ್ಕತ್ತೆಗೆ ಸಾಗಿಸಿತು. ಅಲ್ಲಿಂದ ಅನತಿದೂರದಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ 1799ರಿಂದ 1803ರ ಅವಧಿಯಲ್ಲಿ ಕಟ್ಟಿಸಿದ ಭವ್ಯ ಸೌಧವಿದೆ; ಇಂದು ಅದು ರಾಜ್ಯಪಾಲರ ನಿವಾಸ. ಗೆದ್ದವರ ಮನೆ ಮತ್ತು ಸೋತವರ ಪ್ರಾರ್ಥನಾಮಂದಿರ ಇಷ್ಟು ಸಮೀಪದಲ್ಲಿ ನಿಂತಿರುವ ಈ ಎಡೆ, ಕೊಳ್ಳೆಯೆಂಬ ವಿಷಯವನ್ನು ಚಿಂತಿಸಲು ಉಚಿತವಾದುದು.

ಶ್ರೀರಂಗಪಟ್ಟಣದ ಕೊಳ್ಳೆಯು ಎರಡು ಹಂತಗಳಲ್ಲಿ ನಡೆಯಿತು. ಮೊದಲನೆಯದು ಕೋಟೆ ಬಿದ್ದ ರಾತ್ರಿಯ ಅಂಕೆಯಿಲ್ಲದ ಸುಲಿಗೆ. ಎರಡನೆಯದು ಲೆಕ್ಕ ಬರೆದು ನಡೆಸಿದ ಹಂಚಿಕೆ. ಅದಕ್ಕಾಗಿಯೇ ನೇಮಕವಾದ ಸಮಿತಿಯು ಅರಮನೆಯ ಒಡವೆ ವಸ್ತುಗಳಿಗೆ ಬೆಲೆ ಕಟ್ಟಿ, ಸೇನಾನಿಯಿಂದ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಪಾಲು ಮಾಡಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ಮಾಡಲಾಯಿತು. ಅದರ ರತ್ನಖಚಿತ ಹುಮಾ ಪಕ್ಷಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿತು. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಟಿಪ್ಪುವಿನದೆಂದು ಹೇಳಲಾದ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಹಿಂದುಸ್ತಾನಿಯ ‘ಲೂಟ್’ ಎಂಬ ಮಾತು ಇಂಗ್ಲಿಷಿಗೆ ಸೇರಿದ್ದು ಕೂಡ ಕಂಪನಿಯ ಕಾಲದ ಈ ಸಂಸರ್ಗದಿಂದಲೇ.

ಈ ಮಾತು ಇಂದು ಗಣಕಯಂತ್ರದ ಆಟಗಳ ಪಾರಿಭಾಷಿಕ ಪದವಾಗಿದೆ. ಆಟಗಾರನು ವೀರನ ಪಾತ್ರವನ್ನು ವಹಿಸಿ ಕಾಲ್ಪನಿಕ ಲೋಕದಲ್ಲಿ ಸಂಚರಿಸುವ ಆಟಗಳ ಮೂಲಮಾದರಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಯಾವ ಗುಹೆಯಲ್ಲಿ ಯಾವ ನಿಧಿ ದೊರೆಯಬೇಕೆಂಬುದನ್ನು ದಾಳವುರುಳಿಸಿ ನಿರ್ಣಯಿಸುವ ಕೋಷ್ಟಕಗಳನ್ನು ಅದು ರೂಢಿಗೆ ತಂದಿತು. 2000ದಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ ಸತ್ತ ಶತ್ರುವಿನಿಂದ ಉದುರುವ ವಸ್ತುವಿನ ಅಪೂರ್ವತೆಯನ್ನು ಬಣ್ಣ ಸೂಚಿಸುತ್ತದೆ: ಬಿಳಿ ಸಾಮಾನ್ಯ, ನೀಲಿ ಮಾಂತ್ರಿಕ, ಹಳದಿ ವಿರಳ. ಈ ಪದ್ಧತಿಯ ಆಕರ್ಷಣೆ ಎಷ್ಟೆಂದರೆ, ಹಣ ತೆತ್ತು ತೆರೆಯುವ ‘ಲೂಟ್ ಬಾಕ್ಸ್’ಗಳಲ್ಲಿ ಕೆಲವನ್ನು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ಜೂಜೆಂದೇ ಪರಿಗಣಿಸಿದರು. ಶ್ರೀರಂಗಪಟ್ಟಣದ ಸಮಿತಿಯ ಪಟ್ಟಿಗೂ ಆಟದ ಕೋಷ್ಟಕಕ್ಕೂ ಒಂದು ಸಾಮ್ಯವಿದೆ. ಎರಡರಲ್ಲಿಯೂ ವಸ್ತುವಿಗೆ ಬೆಲೆಯಿದೆ, ಒಡೆಯನಿಲ್ಲ.

ಇನ್ನು ಭೂತಗಳ ಮಾತು. ಇಂಥ ಆಟಗಳಲ್ಲಿ ಬೆಂಕಿ, ನೀರು, ಗಾಳಿ, ಮಣ್ಣುಗಳು ಒಂದನ್ನೊಂದು ಗೆಲ್ಲುವ ಕೋಷ್ಟಕವಾಗಿ ನಿಂತಿರುತ್ತವೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ. ನಮ್ಮ ಕಾವ್ಯಗಳೂ ಮೇಲುನೋಟಕ್ಕೆ ಇದನ್ನೇ ಹೇಳುವಂತೆ ತೋರುತ್ತವೆ: ಆಗ್ನೇಯಕ್ಕೆ ವಾರುಣ, ಸರ್ಪಾಸ್ತ್ರಕ್ಕೆ ಗಾರುಡ. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ, ರಾಜಕುಮಾರರ ವಿದ್ಯಾಪ್ರದರ್ಶನದ ರಂಗದಲ್ಲಿ, ಅರ್ಜುನನು ಬೆಂಕಿಯನ್ನೂ ನೀರನ್ನೂ ಗಾಳಿಯನ್ನೂ ಮೋಡವನ್ನೂ ಅಸ್ತ್ರಗಳಿಂದ ಹುಟ್ಟಿಸಿ ತೋರಿಸಿದ ಬಳಿಕ ನಡೆದುದೇನು? ಕರ್ಣನು ಬಂದು ಅದೆಲ್ಲವನ್ನೂ ಮಾಡಿ ತೋರಿಸಿದನು. ಅನಂತರ ಅವನ ಕುಲವನ್ನು ಕೇಳಲಾಯಿತು. ಶಕ್ತಿಯಲ್ಲಿ ಸಮಾನರಾದ ಇಬ್ಬರನ್ನು ಬೇರ್ಪಡಿಸಿದ್ದು ಶಕ್ತಿಯ ಹೊರಗಿನ ಸಂಗತಿ. ಮುಂದೆ ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೆ ಮಂತ್ರ ಮರೆಯುವುದು, ಇಂದ್ರನಿತ್ತ ಶಕ್ತಿ ಒಮ್ಮೆ ಮಾತ್ರ ಸಲ್ಲುವುದು, ಬ್ರಹ್ಮಾಸ್ತ್ರವನ್ನು ಬಿಡಬಲ್ಲ ಅಶ್ವತ್ಥಾಮನಿಗೆ ಉಪಸಂಹಾರ ತಿಳಿಯದಿರುವುದು ಇವೆಲ್ಲವೂ ನಿಯಮಗಳೇ. ಅಸ್ತ್ರದ ಬಲವನ್ನು ನಿರ್ಧರಿಸುವುದು ಅದನ್ನು ಪಡೆದ ಬಗೆ ಮತ್ತು ಪಡೆದವನ ನಡತೆ.

ಈ ತತ್ತ್ವವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಖಾಂಡವದಹನದ ಪ್ರಸಂಗದಲ್ಲಿ. ಪಂಪನೂ ಕುಮಾರವ್ಯಾಸನೂ ಕನ್ನಡಕ್ಕೆ ತಂದ ಈ ಪ್ರಸಂಗವು ಭೂತಗಳ ಯುದ್ಧವೇ ಸರಿ: ಅಗ್ನಿಯು ಕಾಡನ್ನು ಉಣ್ಣಬಯಸುತ್ತಾನೆ, ಇಂದ್ರನು ಮಳೆಗರೆಯುತ್ತಾನೆ, ಅರ್ಜುನನ ಬಾಣಗಳು ಮಳೆಯನ್ನು ತಡೆಯುತ್ತವೆ. ಮೂಲಭಾರತದಲ್ಲಿ ಗಾಂಡೀವವೂ ಅಕ್ಷಯ ಬತ್ತಳಿಕೆಗಳೂ ಅರ್ಜುನನಿಗೆ ದೊರೆಯುವುದು ಈ ಕಾರ್ಯಕ್ಕಾಗಿಯೇ, ಅಗ್ನಿಯ ಕೋರಿಕೆಯಂತೆ ವರುಣನಿಂದ. ಆದರೆ ಆ ಬೆಂಕಿಯಿಂದ ತಪ್ಪಿಸಿಕೊಂಡವರು ಕಥೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಉಳಿದ ಮಯನು ಸಭೆಯನ್ನು ಕಟ್ಟುತ್ತಾನೆ. ಆ ಸಭೆಯನ್ನು ಕಂಡು ದುರ್ಯೋಧನನಲ್ಲಿ ಹುಟ್ಟಿದ ಅಸೂಯೆ ದ್ಯೂತಕ್ಕೆ ದಾರಿಯಾಗುತ್ತದೆ. ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಸರ್ಪವು ಕರ್ಣನ ಬಾಣದಲ್ಲಿ ನೆಲೆಸಿ ಅರ್ಜುನನ ಕೊರಳನ್ನು ಅರಸಿ ಬರುತ್ತದೆ. ಗುರಿ ತಪ್ಪಿದ ಬಾಣವನ್ನು ಮತ್ತೆ ತೊಡಲೊಲ್ಲದ ಕರ್ಣನ ಛಲವನ್ನು ಕನ್ನಡ ಓದುಗರು ಕುಮಾರವ್ಯಾಸನಲ್ಲಿ ಬಲ್ಲರು. ಆಟದ ಬೆಂಕಿಯು ಶತ್ರುವಿನ ಆಯುಸ್ಸಿನಿಂದ ಕೆಲವು ಅಂಕಗಳನ್ನು ಕಳೆದು ಆರಿಹೋಗುತ್ತದೆ. ಖಾಂಡವದ ಬೆಂಕಿ ಕುರುಕ್ಷೇತ್ರದವರೆಗೆ ಉರಿಯುತ್ತದೆ.

ಕೊಳ್ಳೆಯ ವಿಷಯದಲ್ಲಿ ವಿರಾಟಪರ್ವದ ಗೋಗ್ರಹಣವು ಇನ್ನೂ ಬೋಧಪ್ರದವಾದುದು. ಯುದ್ಧಕ್ಕೆ ಹೊರಡುವ ಬೃಹನ್ನಳೆಗೆ ಉತ್ತರೆಯು ತನ್ನ ಗೊಂಬೆಗಳಿಗಾಗಿ ಕೌರವರ ಬಟ್ಟೆಗಳನ್ನು ತರಲು ಹೇಳುತ್ತಾಳೆ. ಸಮ್ಮೋಹನಾಸ್ತ್ರದಿಂದ ಶತ್ರುಗಳು ಮೈಮರೆತಾಗ, ದ್ರೋಣ ಕೃಪರ ಬಿಳಿಯ, ಕರ್ಣನ ಹಳದಿಯ, ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರಗಳನ್ನು ತರುವಂತೆ ಅರ್ಜುನನು ಉತ್ತರನಿಗೆ ಸೂಚಿಸುತ್ತಾನೆ. ಅಸ್ತ್ರದ ಪ್ರತೀಕಾರವನ್ನು ಬಲ್ಲ ಭೀಷ್ಮನ ಬಳಿ ಸುಳಿಯಬಾರದೆಂದು ಎಚ್ಚರಿಸುತ್ತಾನೆ. ಬಿಳಿ, ಹಳದಿ, ನೀಲಿ: ಆಟದ ಬಣ್ಣಗಳೇ ಇಲ್ಲಿಯೂ ಇವೆ. ಆದರೆ ಇಲ್ಲಿ ಬಣ್ಣವು ಒಡೆಯನನ್ನು ಸೂಚಿಸುತ್ತದೆ, ದರ್ಜೆಯನ್ನಲ್ಲ. ಒಡೆಯನು ಬದುಕಿದ್ದಾನೆ, ಎಚ್ಚತ್ತಾಗ ಅವನಿಗೆ ತನ್ನ ಮಾನಭಂಗದ ಅರಿವಾಗುತ್ತದೆ. ಗೊಂಬೆಯ ಉಡುಗೆಯಾಗುವ ಈ ಕೊಳ್ಳೆಗೆ ಹಣದ ಬೆಲೆ ಅತ್ಯಲ್ಪ, ಅರ್ಥದ ಭಾರ ಅಪಾರ.

ಮಹಾಭಾರತವು ತನ್ನ ನಾಯಕನನ್ನೂ ಈ ನಿಯಮದಿಂದ ಹೊರಗಿಡಲಿಲ್ಲ. ಮೌಸಲಪರ್ವದಲ್ಲಿ ದ್ವಾರಕೆಯ ಸ್ತ್ರೀಯರನ್ನು ಕರೆತರುವ ಅರ್ಜುನನ ಮೇಲೆ ಆಭೀರ ದಸ್ಯುಗಳು ಬೀಳುತ್ತಾರೆ. ಅವನಿಗೆ ಗಾಂಡೀವವನ್ನು ಹೆದೆಯೇರಿಸುವುದೇ ಕಷ್ಟವಾಗುತ್ತದೆ, ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಮಹಾಪ್ರಸ್ಥಾನದಲ್ಲಿಯೂ ಅವನು ರತ್ನಲೋಭದಿಂದ ಬಿಲ್ಲನ್ನು ಬಿಡದಿರಲು, ಅಗ್ನಿಯೇ ಅಡ್ಡಬಂದು ಅದನ್ನು ವರುಣನಿಗೆ ಹಿಂದಿರುಗಿಸೆನ್ನುತ್ತಾನೆ. ಗಾಂಡೀವವು ನೀರಿಗೆ ಮರಳುತ್ತದೆ.

ನಮ್ಮ ವೀರಗಲ್ಲುಗಳನ್ನು ಇದರೊಂದಿಗೆ ಇಟ್ಟು ನೋಡಬೇಕು. ‘ತುರುಗೊಳ್’ ಎಂಬುದು ಹಸುಗಳ ಕೊಳ್ಳೆ. ಆ ಕಾಳಗದ ಎಷ್ಟೋ ಕಲ್ಲುಗಳು ನಿಂತಿರುವುದು ಹಸುಗಳನ್ನು ಮರಳಿಸಲು ಹೋರಿ ಮಡಿದವನ ಹೆಸರಿನಲ್ಲಿ. ಹಳ್ಳಿಯ ನೆನಪು ಗೌರವಿಸಿದ್ದು ಹಿಂದಿರುಗಿಸಿದವನನ್ನು.

ಇಂದು ಭಾರತೀಯ ಪುರಾಣಗಳನ್ನು ಆಧರಿಸಿದ ಆಟಗಳು ನಮ್ಮಲ್ಲಿಯೇ ಸಿದ್ಧವಾಗುತ್ತಿವೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ’ಯಲ್ಲಿ ಆಯುಧವು ದೇವತೆಯ ಕೊಡುಗೆಯಾಗಿ ಬರುವುದು ಮೆಚ್ಚತಕ್ಕ ಅಂಶ. ಆದರೆ ಪುರಾಣದಿಂದ ಅಸ್ತ್ರಗಳ ಹೆಸರುಗಳನ್ನಷ್ಟೇ ಎತ್ತಿಕೊಂಡು, ಅವುಗಳ ನಿಯಮಗಳನ್ನು ಕೈಬಿಟ್ಟರೆ ಅದೂ ಒಂದು ಬಗೆಯ ಕೊಳ್ಳೆಯೇ ಆದೀತು. ರೂಪಕಾರರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ದೊರೆತ ವಸ್ತು ಯಾರದಾಗಿತ್ತು? ಶಕ್ತಿಯು ಯಾವ ನಡತೆಗೆ ಒಲಿಯುತ್ತದೆ, ಯಾವುದಕ್ಕೆ ಮುನಿಯುತ್ತದೆ? ಆಟ ಮುಗಿಯುವ ಮುನ್ನ ಹಿಂದಿರುಗಿಸಬೇಕಾದುದೇನು? ಇವುಗಳಿಂದ ಆಟದ ಸೊಗಸು ಕುಂದುವುದಿಲ್ಲ. ಅನುಮಾನವಿದ್ದವರು ಕರ್ಣಪರ್ವವನ್ನು ಓದಬಹುದು. ಒಡೆಯನಿಲ್ಲದ ನಿಧಿಯೆಂಬುದು ಗೆದ್ದವರು ಕಟ್ಟಿದ ಕಥೆ. ಸೋತವರಿಗೂ ಮಕ್ಕಳಿರುತ್ತಾರೆ, ಅವರೂ ಎಲ್ಲಿಯಾದರೂ ಒಂದು ಮಸೀದಿಯನ್ನು ಕಟ್ಟಿಸಿರುತ್ತಾರೆಂಬುದನ್ನು ಎಸ್ಪ್ಲನೇಡಿನ ಆ ಮೂಲೆ ತಿಳಿಸುತ್ತದೆ.